ಎಡಬದಿಯ ಗೆರೆ

ಟಾರ್ಚ್ ಆರಿಸಿ. ಮುಖಕ್ಕೆ ಬೆಳಕು ಬಿದ್ದರೆ ನನಗೆ ಹೇಳಲಿಕ್ಕೆ ಬರುವುದಿಲ್ಲ...

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗ ರವಿರಾಜನಿಗೆ ಆದದ್ದು. ಅರ್ಧ ಅವನಿಗೆ ಆಯಿತು, ಉಳಿದರ್ಧ ನನ್ನ ಕಣ್ಣೆದುರಿಗೇ ಆಯಿತು.

ಹಂಗಾರಕಟ್ಟೆಗೆ ಆ ದಿನ ಕೊನೇ ಬಸ್ಸು ಒಳಗಿನ ತನಕ ಬರಲಿಲ್ಲ. ಜನ ಇಲ್ಲ ಎಂದು ದಾರಿಯಲ್ಲೇ ಇಳಿಸಿ ತಿರುಗಿಸಿಕೊಂಡು ಹೋದರು. ರವಿರಾಜ ನಡೆದು ಬರುತ್ತಿದ್ದ. ಹೆಗಲ ಮೇಲೆ ಗೋಣಿಚೀಲ ಸುತ್ತಿದ ಒಂದು ಉದ್ದದ ಕಬ್ಬಿಣ. ನಿಮಗೆ ಆ ಗೋಳಿಮರದ ತಿರುವು ಗೊತ್ತಲ್ಲ, ಬುಡದಲ್ಲಿ ಪಂಚಾಯತಿನ ಹಳೇ ಬಾವಿ ಇದೆಯಲ್ಲ... ಅಲ್ಲಿಗೆ ಬಂದಿದ್ದ.

ಮೆಕ್ಯಾನಿಕ್ ಆಗಿ ಬಸ್ಸಲ್ಲಿ ಯಾಕೆ ಬಂದ ಅಂತ ಕೇಳುತ್ತೀರಿ. ಅವನು ಸ್ಟೇರಿಂಗ್ ಮುಟ್ಟದೆ ಎರಡು ಮಳೆಗಾಲ ಕಳೆದಿತ್ತು. ಬೈಕಿನ ಹ್ಯಾಂಡಲ್ ಕೂಡ ಹಿಡಿಯುತ್ತಿರಲಿಲ್ಲ. ಅವನ ಅಣ್ಣ ರತನ್ ಸತ್ತದ್ದು ಅದೇ ತಿರುವಿನಲ್ಲಿ. ರಾತ್ರಿ ತನ್ನ ಮಾರುತಿ ಎಂಟುನೂರರಲ್ಲಿ ಬರುತ್ತಿದ್ದವನು ತಿರುಗಲೇ ಇಲ್ಲ, ಸೀದಾ ಗೋಳಿಮರಕ್ಕೆ ಹೋದ. ನಿದ್ದೆ ಬಂದಿರಬೇಕು ಎಂದರು ಪೊಲೀಸರು. ಅದೇ ವಾರ, ಅವನು ಸಾಯುವ ಮೊದಲು, ಆ ಕಾರಿನ ಎರಡೂ ಬದಿಯ ಟೈರಾಡ್ ಬಿಚ್ಚಿ ಮತ್ತೆ ಜೋಡಿಸಿದ್ದು ರವಿರಾಜ.

ಟೈರಾಡ್ ಎಂದರೆ ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳು. ಅದರ ತುದಿಯಲ್ಲೊಂದು ಲಾಕ್ ನಟ್. ರವಿರಾಜನ ಪದ್ಧತಿ ಒಂದೇ. ನಟ್ ಬಿಗಿ ಮಾಡುವುದು, ಬಿಗಿಯಾದ ಮೇಲೆ ಅದರ ಮೇಲೊಂದು ಬಣ್ಣದ ಗೆರೆ ಎಳೆಯುವುದು. ಗೆರೆ ಇದ್ದರೆ ಬಿಗಿ ಆಗಿದೆ ಎಂದರ್ಥ. ಬಣ್ಣಕ್ಕೆಂದು ಅವನು ಪೇಟೆಗೆ ಹೋದವನಲ್ಲ. ಅತ್ತಿಗೆ ನಿಶ್ಮಿತಾಳ ನೇಲ್ ಪಾಲಿಶ್ ಬಾಟಲಿಯನ್ನೇ ಕದ್ದು ತರುವುದು, ಅವಳು ಬೈಯುವುದು, ಇವನು ಹಲ್ಲು ಕಿರಿಯುವುದು. ಕೆಂದಾಳಿ ಬೊಂಡದ ಬಣ್ಣ ಅದರದ್ದು, ಕೇಸರಿ ಎಳನೀರ ಕಾಯಿಯ ಹಾಗೆ.

ಆ ದಿನ ಬಲಬದಿಗೆ ಗೆರೆ ಎಳೆದದ್ದು ಅವನಿಗೆ ನೆನಪಿದೆ. ಎಡಬದಿ ಮಾಡುವಾಗ ಯಾರೋ ಊಟಕ್ಕೆ ಕರೆದರು. ಎದ್ದು ಹೋದ. ಬಂದು ಬಿಗಿ ಮಾಡಿದನೋ? ಗೆರೆ ಎಳೆದನೋ? ನೆನಪಿಲ್ಲ.

ಅಷ್ಟೇ. ಅದೊಂದು ನೆನಪಾಗದೆ ಆ ಮನುಷ್ಯ ಕಲ್ಲಾಗಿಬಿಟ್ಟ. ಹೆಣ ಎತ್ತುವಾಗ ಅಳಲಿಲ್ಲ. ಜಜ್ಜಿಹೋದ ಕಾರನ್ನು ಗುಜರಿಯವರು ಎಳೆದುಕೊಂಡು ಹೋದರು, ಇವನು ಹೊರಗೆ ಬಂದು ನೋಡಲಿಲ್ಲ. ಊಟ ಮಾಡುತ್ತಿದ್ದ, ಗ್ಯಾರೇಜಿನಲ್ಲಿ ಆಯಿಲ್ ಬದಲಿಸುತ್ತಿದ್ದ, ಸ್ಟೇರಿಂಗ್ ಕೆಲಸ ಬಂದರೆ ಕುಂದಾಪುರಕ್ಕೆ ಕಳಿಸುತ್ತಿದ್ದ. ಎಂತ ಮಾರಾಯ ಹೀಗಾದೆ ಎಂದು ಕೇಳಿದರೆ, "ಎಂತದೂ ಆಯ್ಲಿಲ್ಲ" ಅನ್ನುವುದು. ನನಗೆ ಸಿಟ್ಟೇ ಬರುತ್ತಿತ್ತು.

ಮನೆಯ ಹಿಂದಿನ ಶೆಡ್ಡಿನಲ್ಲಿ ರತನನ ರೇಸ್ ಕಾರು ಇತ್ತು. ಹಳೇ ಫಾರ್ಮುಲಾ ಕಾರು. ಒಬ್ಬನೇ ಕೂರುವುದು, ಚಕ್ರಗಳು ಮೈಯಿಂದ ಹೊರಗೆ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ತಮಿಳುನಾಡಿನ ಕಡೆಯಿಂದ ಲಾರಿಯಲ್ಲಿ ಹಾಕಿಸಿ ತಂದಿದ್ದ. ಅದರ ಇಂಜಿನ್ನೂ ಸ್ಟೇರಿಂಗಿನ ಸಾಮಾನೂ ಎಂಟುನೂರರದ್ದೇ. ಸ್ಟೇರಿಂಗ್ ತಿರುಗಿಸಿದಾಗ ಎರಡು ಟೈರಾಡುಗಳನ್ನೂ ಎಡಕ್ಕೆ ಬಲಕ್ಕೆ ಎಳೆಯುವ ಹಲ್ಲಿನ ಸರಳಿಗೆ ರ್ಯಾಕ್ ಎನ್ನುತ್ತಾರೆ; ಉಪ್ಪು ಗಾಳಿಗೆ ಅದರ ಹಲ್ಲುಗಳೆಲ್ಲ ತುಕ್ಕು ತಿಂದು ಕೂತಿದ್ದವು. ಒಂದು ದಿನ ನಿಶ್ಮಿತಾ ಬಂದು ಹೇಳಿದಳು.

"ರವಿ, ಅದ್ನೊಂದ್ ಸಮಾ ಮಾಡಿ ಕೊಡ್."

"ಯಾರಿಗ್ ಅತ್ಗೆ?"

"ನಂಗೆ. ಒಂದ್ಸಲ ನಾನೇ ಓಡ್ಸುಕ್."

"ಸ್ಟೇರಿಂಗ್ ಕೆಲ್ಸ ನಾ ಮಾಡುದಿಲ್ಲ."

"ಬೇರೆಯವ್ರ್ ಮಾಡದ್ರೆ ನಾ ಕೂಕಂಬುದಿಲ್ಲ" ಎಂದು ಒಳಗೆ ಹೋದಳು.

ಹಾಗೆ ಅವನು ಹುಡುಕಲು ಹೊರಟ. ಹೊಸ ಡೂಪ್ಲಿಕೇಟ್ ರ್ಯಾಕ್ ಹಾಕಿದರೆ ಆ ಕಾರಿನ ಕ್ಲಾಂಪಿಗೆ ಕೂರುವುದಿಲ್ಲ, ಹಳೇದೇ ಬೇಕು. ಕುಂದಾಪುರ ಆಯಿತು, ಬೈಂದೂರು, ಯಡ್ತರೆ ಆಯಿತು. ಕೊನೆಗೆ ಹಾಲಾಡಿಯ ಗುಜರಿಯಲ್ಲಿ ಚಂದಯ್ಯ ಎಂಬವರು ರಾಶಿಯ ಅಡಿಯಿಂದ ಒಂದನ್ನು ಎಳೆದು ಕೊಟ್ಟರು. ಎರಡೂ ಬದಿಯ ಟೈರಾಡ್ ಸಮೇತ, ಮೈತುಂಬ ಗ್ರೀಸು ಮಣ್ಣು ಕಟ್ಟಿದ್ದು. ಯಾವ ಕಾರಿನದ್ದು ಎಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅದನ್ನೇ ಹೊತ್ತು ಬರುತ್ತಿದ್ದದ್ದು.

ತಿರುವು ಬಂತು. ಗಾಳಿ ಇಲ್ಲ. ಹೆಗಲ ಮೇಲೆ, ಗೋಣಿಯ ಒಳಗೆ... ಸರ್‍ರ್... ಟಕ್.

ಓರೆ ಹಿಡಿದಿರಬೇಕು ಎಂದುಕೊಂಡು ಸರಿ ಮಾಡಿಕೊಂಡ. ಮತ್ತೆ... ಸರ್‍ರ್... ಟಕ್. ಎಡಕ್ಕೆ ಜಾರಿ ಕೊನೆಗೆ ಬಡಿಯುವ ಸದ್ದು. ರ್ಯಾಕು ಸುಮ್ಮನೆ ಜಾರುವ ವಸ್ತುವಲ್ಲ. ಅದರ ಹಲ್ಲಿಗೆ ಕಚ್ಚಿಕೊಂಡ ಪುಟ್ಟ ಹಲ್ಲುಗಾಲಿಯನ್ನು ಯಾರಾದರೂ ತಿರುಗಿಸಬೇಕು. ಸ್ಟೇರಿಂಗ್ ತಿರುಗಿಸುವ ಹಾಗೆ.

ಗೋಣಿಯ ಒಳಗೆ ಯಾರು ತಿರುಗಿಸುತ್ತಾರೆ?

ಬಾವಿಯ ಕಡೆ ರಾಟೆ ಕೂಗಿತು. ಕೀಂ... ಕೀಂ... ಪಂಪು ಬಂದ ವರ್ಷವೇ ಆ ರಾಟೆ ತೆಗೆದು ಹಾಕಿದ್ದಾರೆ.

"ಹ್ವಾಯ್..."

ಮೆಲ್ಲಗೆ ಕರೆದದ್ದು. ರಾತ್ರಿ ಯಾರಾದರೂ ಕರೆದರೆ ಮೂರನೇ ಸಲದ ತನಕ ಓಗೊಡಬಾರದು. ನಮ್ಮಲ್ಲಿ ಮಕ್ಕಳಿಗೂ ಗೊತ್ತು. ದೆವ್ವ ಮೂರು ಸಲ ಕರೆಯುವುದಿಲ್ಲ. ರವಿರಾಜನಿಗೂ ಗೊತ್ತಿತ್ತು. ಆದರೆ ಅವನಿಗೆ ಹೆದರಿಕೆಯೇ ಇರಲಿಲ್ಲ. ಹೆದರಲಿಕ್ಕೂ ಒಳಗೆ ಏನಾದರೂ ಉಳಿದಿರಬೇಕಲ್ಲ. ಮೊದಲನೇ ಕರೆಗೇ ಓಗೊಟ್ಟ.

"ಎಂತ?"

"ಎಂತ ಹೊತ್ಕಂಡ್ ಹ್ವಾತೆ?"

"ರ್ಯಾಕ್."

"ಯಾರ್ದ್?"

"ಗೊತ್ತಿಲ್ಲ. ಗುಜ್ರಿದ್."

ಬಾವಿಯ ನೀರಿಗೆ ಗೋಳಿಹಣ್ಣು ಬಿತ್ತು. ಬುಳುಕ್.

"ಎಡ್ಬದಿ ಕಂಡ್ಯಾ?"

"ಇಲ್ಲ."

"ಕಾಣ್ ಕಾಂಬ, ರವಿ."

ಅವನು ಹಾಗೇ ನಡೆದು ಮನೆಗೆ ಬಂದ, ಓಡಲಿಲ್ಲ. ಶೆಡ್ಡಿನ ಲೈಟು ಹಾಕಿ ಗೋಣಿ ಬಿಚ್ಚಿದ. ಬಲಬದಿಯ ಗ್ರೀಸು ಒರೆಸಿದ. ನಟ್ಟಿನ ಮೇಲೊಂದು ಗೆರೆ ಇತ್ತು. ಮಾಸಿ, ಒಣಗಿ, ಸಣ್ಣಗೆ ಬಿರುಕು ಬಿಟ್ಟಿತ್ತು. ಕೆಂದಾಳಿ ಬಣ್ಣದ್ದು.

ಅವನದೇ ಕೈ. ಅಣ್ಣನದೇ ಕಾರು.

ಎಡಬದಿ ಒರೆಸಲಿಕ್ಕೆ ಅವನಿಗೆ ಆಗಲಿಲ್ಲ.

ಬೆಳಕು ಹರಿಯುವ ಮೊದಲೇ ನನಗೆ ಫೋನು ಬಂತು. "ಒಂಚೂರ್ ಬಾ. ನಂಗೆ ಕಾಂಬುಕ್ ಆತಿಲ್ಲ." ನಾನು ಹೋದಾಗ ಗೋಡೆಗೆ ಒರಗಿ ಕೂತಿದ್ದ. ರಾತ್ರಿಯದ್ದೆಲ್ಲ ಹೇಳಿದ, ಬಸ್ಸಿನ ಟೈಮು ಹೇಳಿದ ಹಾಗೆ.

"ಹೆದ್ರಿಕಿ ಆಯ್ಲಿಲ್ಯಾ?"

"ಇಲ್ಲ. ಗೆರೆ ಇಲ್ದಿದ್ರೆ ಅಣ್ಣನ್ನ ಕೊಂದದ್ ನಾನೇ. ಅದೊಂದ್ ಕಂಡ್ ಹೇಳ್."

ನಾನು ಬಗ್ಗಿದೆ. ಎಡಬದಿಯ ಗ್ರೀಸು ಮಣ್ಣು ಸೇರಿ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿನ ತುದಿ ಹಾಕಿ ಎಬ್ಬಿಸಿದೆ. ಚಟ್ ಎಂದು ಹೆಕ್ಕಳೆ ಎದ್ದ ಹಾಗೆ ಒಂದೇ ತುಂಡು ಕಳಚಿ ಬಿತ್ತು.

ಗೆರೆ ಇತ್ತು.

"ಇತ್ತ್ ಮರಾಯ! ಇತ್ತ್, ಕಾಣ್!"

ಅವನು ಎದ್ದು ಬಂದು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಅಲ್ಲೇ ಆಯಿಲ್ ನೆಲದ ಮೇಲೆ ಕೂತು, ಎರಡು ಮಳೆಗಾಲದಿಂದ ಅಳದ ಮನುಷ್ಯ, ಬಾಯಿಬಿಟ್ಟು ಅತ್ತ. ಅಣ್ಣಾ ಎಂದು ಅತ್ತ. ನನಗೂ ತಡೆಯಲಿಲ್ಲ. ಕಣ್ಣು ಒರೆಸಿಕೊಂಡು, ಸುಮ್ಮನೆ, ಆ ಗೆರೆಯ ಮೇಲೆ ಬೆರಳಿಟ್ಟೆ.

ಬೆರಳಿಗೆ ಅಂಟಿತು.

ಹಸಿಯಾಗಿತ್ತು... ವಾಸನೆ ನೋಡಿದೆ. ಈಗಷ್ಟೇ ಬಾಟಲಿ ತೆಗೆದ ಹಾಗೆ, ಮೂಗಿಗೆ ಚುರ್ ಎನ್ನುವ ವಾಸನೆ. ಎರಡು ವರ್ಷದ ಗಟ್ಟಿ ಮಣ್ಣಿನ ಅಡಿಯಲ್ಲಿ.

ನಾನು ರವಿರಾಜನಿಗೆ ಹೇಳಲಿಲ್ಲ. ನೀವೂ ಹೇಳಬೇಡಿ.

ಅಷ್ಟರಲ್ಲಿ ನಿಶ್ಮಿತಾ ಚಾ ತಂದಳು. ಲೋಟ ತೆಗೆದುಕೊಳ್ಳುವಾಗ ನನ್ನ ಬೆರಳು ನೋಡಿದಳು.

"ಅದೆಂತ ಕೈಯಂಗೆ?"

"ಗ್ರೀಸ್" ಎಂದೆ.

ಅವಳು ನನ್ನನ್ನು ನೋಡಿದಳು, ಅಳುತ್ತಿದ್ದ ಮೈದುನನನ್ನು ನೋಡಿದಳು, ಒಳಗೆ ಹೋದಳು. ಅವಳ ಹಿಂದೆಯೇ ಅಡುಗೆಮನೆಗೆ ಹೋದೆ. ಕಿಟಕಿಯಲ್ಲಿ ಆ ಬಾಟಲಿ ಇತ್ತು. ರತನ್ ಹೋದ ಮೇಲೆ ಅವಳು ಅದನ್ನು ಮುಟ್ಟಿದವಳಲ್ಲ. ಮುಚ್ಚಳ ತಿರುಗಿಸಿದೆ, ಬರಲಿಲ್ಲ. ಬೋರಲು ಹಿಡಿದೆ. ಒಳಗಿನದು ಕಲ್ಲಾಗಿತ್ತು, ಒಂಚೂರೂ ಅಲ್ಲಾಡಲಿಲ್ಲ.

ಆ ರ್ಯಾಕನ್ನು ರವಿರಾಜ ತೊಳೆದು, ಹೊಸ ಬುಷ್ ಹಾಕಿ, ರೇಸ್ ಕಾರಿಗೆ ಕೂರಿಸಿದ. ರ್ಯಾಕಿನ ಜೊತೆ ಬಂದ ಟೈರಾಡ್ ಹಾಕಲಿಲ್ಲ, ರೇಸ್ ಕಾರಿಗೆ ಅದರದೇ ಇತ್ತು. ಒಂದೊಂದು ನಟ್ಟನ್ನೂ ಅವನೇ ಬಿಗಿ ಮಾಡಿದ, ಅವನೇ ಗೆರೆ ಎಳೆದ. ಮಳೆ ಬಿಟ್ಟ ಮೇಲೆ ಒಂದು ಮುಚ್ಚಿದ ಹಂಚಿನ ಕಾರ್ಖಾನೆಯ ಅಂಗಳದಲ್ಲಿ ನಿಶ್ಮಿತಾ ಓಡಿಸಿದಳು. ಎಲ್ಲ ತಿರುವಿನಲ್ಲೂ ತಿರುಗಿತು. ಈಗ ಅವನು ಬೈಕಲ್ಲೇ ಓಡಾಡುತ್ತಾನೆ, ನಿಮಗೆಲ್ಲ ಗೊತ್ತಲ್ಲ. ಅಣ್ಣ ಯಾಕೆ ತಿರುಗಲಿಲ್ಲ ಎಂದು ಮತ್ತೆ ಕೇಳಿದವನಲ್ಲ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಎಡಬದಿಯ ಆ ಹಳೇ ನಟ್ ನಿಜಕ್ಕೂ ಬಿಗಿ ಇತ್ತೋ ಇಲ್ಲವೋ, ನಾನು ತಿರುಗಿಸಿ ನೋಡಲಿಲ್ಲ. ಬೆರಳಿಗೆ ಹತ್ತಿದ ಬಣ್ಣ ನೀರಿಗೆ ಹೋಗಲಿಲ್ಲ, ಸೋಪಿಗೆ ಹೋಗಲಿಲ್ಲ. ಪೆಟ್ರೋಲ್ ಹಾಕಿ ಉಜ್ಜಿ ತೆಗೆದದ್ದು ನಾನೇ... ಇದೇ ಬೆರಳು.