ಮೂರನೆಯ ಕೂ

ಅರವತ್ತೆಂಟನೇ ಇಸವಿಯ ಮಳೆಗಾಲ, ಆಟಿ ತಿಂಗಳು, ದೀಪ ಹಚ್ಚುವ ಹೊತ್ತು. ಅಳದಂಗಡಿಯಲ್ಲಿ ಬಸ್ಸಿಳಿದು ಒಂದು ಗುಡ್ಡ ಹತ್ತಿ ಇಳಿದರೆ ನಮ್ಮ ಊರು. ಅಲ್ಲಿ ನರ್ಸಮ್ಮನಿಗೆಂದು ಸರಕಾರದವರು ಬಾಡಿಗೆಗೆ ಹಿಡಿದ ಒಂದು ಕೋಣೆ ಇತ್ತು. ನಮಗೆ ಆಸ್ಪತ್ರೆ ಎಂದರೆ ಅದೇ. ಡಾಕ್ಟರು ಬೇಕಾದರೆ ಬೆಳ್ತಂಗಡಿಗೆ ಹೋಗಬೇಕು, ರೋಗಿಯನ್ನು ಹೊತ್ತುಕೊಂಡು.

ಮಗಳಿಗೆ ಜ್ವರ ಎಂದು ಹೋದವಳು ಮಳೆಗೆ ಸಿಕ್ಕಿ ಆ ಜಗಲಿಯಲ್ಲೇ ಉಳಿದೆ. ಒಣಮೀನು ಮಾರುವ ಖತೀಜಮ್ಮ ಬುಟ್ಟಿ ಇಳಿಸಿ ಕೂತಿದ್ದಳು. ಹೊಳೆ ದಾಟಲು ವರ್ಷ ವರ್ಷ ಮರದ ಸಂಕ ಹಾಕುವ ಮುಂಡಪ್ಪಜ್ಜ ಕಾಲಿನ ಹುಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗೋಡೆಗೆ ಒರಗಿದ್ದರು. ನರ್ಸಮ್ಮ ಪ್ರಫುಲ್ಲಾ ವಿಟ್ಲದ ಕಡೆಯವರು, ಬಂದು ಹೆಚ್ಚು ದಿನ ಆಗಿರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಕಡೆಯ ಮಾತ್ರೆಯನ್ನು ಅರ್ಧ ಮಾಡಿ ನನ್ನ ಮಗಳಿಗೆ ಕೊಟ್ಟು, ಇನ್ನರ್ಧ ಕಾಗದದಲ್ಲಿ ಸುತ್ತಿಟ್ಟರು.

"ಅಜ್ಜ, ಹೆರಿಗೆಗೆ ಕರೆಯುವಾಗ ನಮ್ಮಲ್ಲಿ ಎರಡು ಕೂ ಹಾಕ್ತಾರೆ. ಇಲ್ಲಿ ಮಾತ್ರ ಎಂತಕ್ಕೆ ಮೂರು?" ಎಂದು ಅವರೇ ಕೇಳಿದ್ದು.

ಅಜ್ಜ ಬೆಳಿಗ್ಗೆ ಕುಡಿದ ಪಾಲೆ ಮರದ ತೊಗಟೆಯ ಕಷಾಯದ ಕಹಿ ಇನ್ನೂ ಬಾಯಲ್ಲಿದ್ದವರ ಹಾಗೆ ಮುಖ ಮಾಡಿದರು. "ಕಂದೀಲು ಸ್ವಲ್ಪ ದೊಡ್ಡದು ಮಾಡಿ ಅಮ್ಮ, ಹೇಳ್ತೇನೆ" ಅಂದರು. ಅವರು ಹೇಳಿದ್ದು ಹೀಗೆ.

ಈ ಗುಡ್ಡದವ ಆ ಗುಡ್ಡದವನನ್ನು ಕರೆಯುವುದು ಕೂ ಹಾಕಿ, ಅದು ನಿಮಗೂ ಗೊತ್ತುಂಟು. ಜೀವ ಇದ್ದವ ಎರಡು ಸಲ ಹಾಕ್ತಾನೆ. ಸತ್ತು ಕುಲೆಯಾಗಿ ತಿರುಗುವವನಿಗೆ ಎರಡನೆಯದಕ್ಕೆ ಉಸಿರೆಲ್ಲಿಂದ ಬರಬೇಕು... ಅವನದ್ದು ಒಂದೇ. ಹಾಗಾಗಿ ಕತ್ತಲೆಗೆ ಒಂಟಿ ಕೂ ಕೇಳಿದರೆ ಓ ಅನ್ನಬಾರದು, ಬಾಗಿಲು ತೆಗೆಯಬಾರದು, ಅದು ನಮ್ಮ ಹಿರಿಯರ ಕ್ರಮ.

ಏಳೆಂಟು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಪದ್ಮಾಕ್ಷಿ ಎಂಬ ನರ್ಸಮ್ಮ ಇದ್ದರು, ಮೂಡಬಿದ್ರೆ ಕಡೆಯವರು. ಕೋಣೆ ಬಾಡಿಗೆಗೆ ಕೊಟ್ಟ ಈ ಮನೆ ಸೇಸಮ್ಮನದ್ದು, ಈಗ ಇಲ್ಲ ಅವಳು, ಗಟ್ಟಿ ಹೆಂಗಸು. ನರ್ಸಮ್ಮ ಹೆರಿಗೆಗೆ ಹೊರಡುವ ಮೊದಲು ಕತ್ತರಿ ಕುದಿಸ್ತಾರಲ್ಲ, ಸೇಸಮ್ಮ ಜಗಲಿಯಿಂದಲೇ ಕೇಳುವುದು, "ಕತ್ತರಿ ಬೆಂದಿತಾ ಅಮ್ಮ? ಉಪ್ಪು ಹಾಕಿದ್ದೀರಾ?" ಅಂತ. ಪದ್ಮಾಕ್ಷಿಯಮ್ಮ ಏನು ಬಿಡುವವರಾ? ಒಂಟಿ ಕೂವಿನ ಸಂಗತಿ ಸೇಸಮ್ಮ ಹೇಳಿದಾಗ, "ಕುಲೆಗಳಿಗೂ ಹೆರಿಗೆ ಆಗ್ತದಾ ಮಾರಾಯ್ರೆ? ಆಗುವುದಾದರೆ ಅದಕ್ಕೂ ಹೋಗ್ತೇನೆ" ಅಂತ ನಕ್ಕರು. ಆ ಮಾತು... ಆ ಮಾತು ಅವರು ಆಡಬಾರದಿತ್ತು.

ಹೊಳೆಯಾಚೆ ಆಗ ಒಂದೇ ಮನೆ, ಮಾಯಿಲಪ್ಪನದ್ದು. ಅವನ ಹೆಂಡತಿ ಕಾಂತಿ ಚೊಚ್ಚಲ ಬಸುರಿ. ಇಂಥದೇ ಆಟಿಯ ಒಂದು ಮುಸ್ಸಂಜೆ, ನಾನು ಕೊಡಲಿ ತಾಗಿದ ಗಾಯಕ್ಕೆ ಮದ್ದು ಹಾಕಿಸಲು ಇಲ್ಲೇ ಕೂತಿದ್ದೆ, ಹೊಳೆ ಕೆಂಪಾಗಿ ದಡ ಬಿಟ್ಟು ಹರೀತಾ ಇತ್ತು, ಆ ಅಬ್ಬರದ ನಡುವೆ ಸಂಕದ ಕಡೆಯಿಂದ ಒಂದು ಕೂ ಬಂತು ನೋಡಿ... ಪದ್ಮಾಕ್ಷಿಯಮ್ಮ ಪೆಟ್ಟಿಗೆ ಹಿಡಿದು ಎದ್ದೇ ಬಿಟ್ಟರು. ಸೇಸಮ್ಮ ಬಾಗಿಲಿಗೆ ಅಡ್ಡ ನಿಂತಳು. "ಇನ್ನೊಂದು ಬರಲಿ" ಅಂದಳು.

"ಕಾಂತಿಗೆ ದಿನ ತುಂಬಿದೆ ಸೇಸಮ್ಮ."

"ಮಾಯಿಲಪ್ಪನೇ ಆದರೆ ಇನ್ನೊಂದು ಹಾಕ್ತಾನೆ. ಅವನ ಬಾಯಿ ಎಂತ ಬಿದ್ದು ಹೋಗಿದೆಯಾ?"

ಕಾದೆವು. ಎಲ್ಲರೂ ಕಿವಿ ಕೊಟ್ಟು ಕಾದೆವು. ಮಳೆಯ ಸದ್ದು, ಹೊಳೆಯ ಸದ್ದು, ಒಲೆಯ ಮೇಲೆ ಕತ್ತರಿ ಚೆಂಬಿಗೆ ತಾಗಿ ಟಿಣ್ ಟಿಣ್ ಅನ್ನುವ ಸದ್ದು... ಎರಡನೆಯದು ಬರಲೇ ಇಲ್ಲ.

ಬೆಳಿಗ್ಗೆ ನೋಡಿದರೆ ಸಂಕದ ಒಂದು ಮರ ಇಲ್ಲ. ಮಾಯಿಲಪ್ಪ ಕೆಳಗಿನ ಗುಂಡಿಯಲ್ಲಿ ಬೇರಿಗೆ ಸಿಕ್ಕಿಕೊಂಡಿದ್ದ. ಅವನನ್ನು ಎತ್ತಿದವರಲ್ಲಿ ನಾನೂ ಒಬ್ಬ. ಕೈ ಬಾಯಿಯ ಹತ್ತಿರ ಹಾಗೇ ಮಡಚಿತ್ತು, ತುಟಿ ಉರುಟಾಗಿತ್ತು. ಎರಡನೆಯ ಕೂ ಅವನ ಬಾಯಲ್ಲೇ ಉಳಿದಿತ್ತು ಮಕ್ಕಳೇ... ಬಳ್ಳಿ ಕಟ್ಟಿ ನರ್ಸಮ್ಮನನ್ನು ಆಚೆ ದಾಟಿಸುವಾಗ ಬಿಸಿಲು ಏರಿತ್ತು. ಕಾಂತಿ ತಣ್ಣಗಾಗಿದ್ದಳು. ಮಗು ಹೊಟ್ಟೆಯಲ್ಲೇ.

ಸೇಸಮ್ಮ ಆಮೇಲೆ ಯಾರ ಕತ್ತರಿಗೂ ಉಪ್ಪು ಕೇಳಲಿಲ್ಲ.

ಮುಂದಿನ ಆಟಿ ಬಂತು. ಆಚೆ ಮನೆ ಖಾಲಿ, ಹಾಗಾಗಿ ಆ ವರ್ಷ ನಾನು ಸಂಕವನ್ನೇ ಹಾಕಲಿಲ್ಲ. ನಡುವೆ ಬರೀ ನೀರು. ಆದರೂ ದೀಪ ಹಚ್ಚುವ ಹೊತ್ತಿಗೆ ಕೂ ಬಂತು. ಒಂದೇ. ಮರುದಿನವೂ ಒಂದೇ. "ಇದು ಸತ್ಯವಾಗಿಯೂ ಅದುವೇ ಅಮ್ಮ, ಕಿವಿ ಮುಚ್ಚಿಕೊಳ್ಳಿ" ಅಂತ ಸೇಸಮ್ಮ ಕಾಲು ಹಿಡಿದಳು. ಪದ್ಮಾಕ್ಷಿಯಮ್ಮ ಹೇಳಿದ್ದು ಒಂದೇ ಮಾತು: "ಕಾಂತಿಗೆ ಇನ್ನೂ ಹೆರಿಗೆ ಆಗಲಿಲ್ಲ ಸೇಸಮ್ಮ. ಅವ ಕರೀತಾ ಇದ್ದಾನೆ."

ಅಮಾವಾಸ್ಯೆ ದಿನ ಅವರು ಕತ್ತರಿ ಕುದಿಸಿದರು, ಕಂದೀಲು ಹಚ್ಚಿದರು, ಅಂಗಳಕ್ಕೆ ಇಳಿದು "ಓ... ಬಂದೆ!" ಅಂತ ಉತ್ತರ ಕೊಟ್ಟರು. ಓ ಅನ್ನಬಾರದಿತ್ತು, ಅಂದರು. ನಾನು ದನ ಅಟ್ಟಿಕೊಂಡು ಬರ್ತಾ ಇದ್ದವ ಈ ಕಣ್ಣಿನಲ್ಲಿ ನೋಡಿದೆ, ಕಂದೀಲು ಹೊಳೆಗೆ ಇಳಿಯಿತು, ಸಂಕ ಇಲ್ಲದ ನೀರಿನ ಮೇಲೆ ಒಂದಿಷ್ಟೂ ಓಲಾಡದೆ ಹೋಯಿತು, ಗುಡ್ಡ ಹತ್ತಿತು, ಆ ಖಾಲಿ ಮನೆಯ ಒಳಗೆ ನಿಂತಿತು. ಬೆಳಗಾಗುವವರೆಗೂ ಆರಲಿಲ್ಲ.

ನೀರು ಇಳಿದ ಮೇಲೆ ಹೋದೆವು. ಅವರಿಲ್ಲ. ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು, ಮಗುವಿನ ಹೊಕ್ಕುಳು ಕಟ್ಟುವ ದಾರ ತುಂಡಾಗಿತ್ತು. ಕತ್ತರಿ ಮುಟ್ಟಿದೆ. ಬಿಸಿ ಇತ್ತು.

ಅದರ ಮುಂದಿನ ಆಟಿಯಿಂದ ಎರಡು ಕೂ. ಗೊತ್ತಾಯಿತಾ? ಒಬ್ಬನದ್ದು ಒಂದು, ಇನ್ನೊಬ್ಬರದ್ದು ಒಂದು. ಹೊಳೆಯ ಸದ್ದಿನಲ್ಲಿ ಗಂಡು ಯಾವುದು ಹೆಣ್ಣು ಯಾವುದು ತಿಳಿಯುವುದಿಲ್ಲ. ಜೀವ ಇದ್ದವರು ಕರೆದ ಹಾಗೆಯೇ. ಅದಕ್ಕೇ ಊರಿನವರು ಸೇರಿ ಮಾತಾಡಿ, ಮನುಷ್ಯರು ಇನ್ನು ಮೂರು ಹಾಕುವ ಅಂತ ಮಾಡಿದ್ದು.

ಅಜ್ಜ ಇಷ್ಟು ಹೇಳಿ ನಿಲ್ಲಿಸಿದರು. ಖತೀಜಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೇಳಿದಳು, "ಕಾಂತಿ? ಅವಳು ಕೂ ಹಾಕುವುದಿಲ್ಲವಾ ಅಜ್ಜ?"

"ಅವಳು ಬಾಣಂತಿಯಲ್ವಾ," ಅಂದರು ಅಜ್ಜ. "ಒಳಗೆ ಮಲಗಿರ್ತಾಳೆ."

ಆಗ ಸಂಕದ ಕಡೆಯಿಂದ ಕೂ ಕೇಳಿತು. ಒಂದು. ನನ್ನ ಮಗಳು ನನ್ನ ಕುತ್ತಿಗೆ ಹಿಡಿದಳು. ಎರಡು. ಪ್ರಫುಲ್ಲಾ ನರ್ಸಮ್ಮ ಬೆರಳು ಎತ್ತಿ, ಉಸಿರು ಬಿಗಿಹಿಡಿದು ನಿಂತರು. ಮೂರು.

"ಸದ್ಯ! ಮೂರು!" ಅಂದರು. "ಆಚೆ ಕೂಸಪ್ಪಣ್ಣನ ಸೊಸೆಗೆ ಇದೇ ತಿಂಗಳು."

ಕೂಸಪ್ಪ ಆ ಖಾಲಿ ಮನೆಯ ಮೇಲಿನ ಗುಡ್ಡದಲ್ಲಿ ಹೊಸದಾಗಿ ಮನೆ ಕಟ್ಟಿದ್ದ. ಅವನಿಗಾಗಿಯೇ ಅಜ್ಜ ಪುನಃ ಸಂಕ ಹಾಕಿದ್ದರು.

"ಅಮ್ಮ..." ಅಂದರು ಅಜ್ಜ. "ಮೂರನೆಯದು ಸಣ್ಣ ಸ್ವರ ಅಲ್ವಾ?"

"ಮನೆಯ ಮಕ್ಕಳು ಯಾರಾದರೂ ಬಂದಿರಬಹುದು."

"ಆ ಅಮಾವಾಸ್ಯೆಗೆ ಕಾಂತಿ ಹೆತ್ತ ಮಗುವಿಗೆ ಈಗ ಎಷ್ಟು ಪ್ರಾಯ ಆಗಬೇಕು?"

ನರ್ಸಮ್ಮನ ಕೈ ಪೆಟ್ಟಿಗೆಯ ಮೇಲೆ ನಿಂತಿತು. ಖತೀಜಮ್ಮ "ಬೇಡ ಮೋಳೇ, ಬೇಡ ಮಗಳೇ" ಎಂದು ಅವರ ಸೀರೆ ಹಿಡಿದಳು. ಅವರು ನಮ್ಮ ಮೂವರ ಮುಖ ನೋಡಿದರು. "ಅಲ್ಲಿ ಯಾರಾದರೂ ನೋವು ತಿನ್ನುತ್ತಾ ಇದ್ದರೆ? ಆವತ್ತಿನ ಹಾಗೆ ನಾವು ಇಲ್ಲಿ ಲೆಕ್ಕ ಮಾಡ್ತಾ ಕೂರುವುದಾ?" ಅಂದರು. ಅಂಗಳಕ್ಕೆ ಇಳಿದವರು ಕಂದೀಲು ಎತ್ತಿ "ಓ..." ಅಂದರು.

ಬೆಳಿಗ್ಗೆ ಸಂಕ ದಾಟಿ ಈಚೆ ಬಂದದ್ದು ಕೂಸಪ್ಪ ಒಬ್ಬನೇ. ಸಂಕ ಗಟ್ಟಿಯಾಗಿಯೇ ಇತ್ತು. "ಸೊಸೆಯನ್ನು ತವರಿಗೆ ಬಿಟ್ಟು ವಾರವಾಯಿತು. ನಿನ್ನೆ ನೀವೆಲ್ಲ ಯಾರನ್ನು ಕರೆದದ್ದು, ಮೂರು ಮೂರು ಕೂ?" ಎಂದು ನಮ್ಮನ್ನೇ ಕೇಳಿದ. ಅವನ ಕೈಯಲ್ಲಿ ನರ್ಸಮ್ಮನ ಪೆಟ್ಟಿಗೆ ಇತ್ತು, ಮಾಯಿಲಪ್ಪನ ಹಳೆಯ ಮನೆಯ ಮೆಟ್ಟಿಲಲ್ಲಿ ಸಿಕ್ಕಿತಂತೆ. ಅಜ್ಜ ಕೈ ಹಾಕಿ ಕತ್ತರಿ ಮುಟ್ಟಿ ನೋಡಿದರು. ಕೈ ಪಂಚೆಗೆ ಒರೆಸಿಕೊಂಡರು.

ಇನ್ನು ನಾಲ್ಕು ಹಾಕುವ ಎಂದು ಊರಿನವರು ಮಾತಾಡಿಕೊಂಡರು. ಅಜ್ಜ ಬೆರಳು ಮಡಚಿ ಲೆಕ್ಕ ಮಾಡಿ, "ನಾಲ್ಕು ಸಾಲದು, ಐದು" ಅಂದರು. ಈಗಲೂ ನಮ್ಮಲ್ಲಿ ಐದು. ಆಟಿಯಲ್ಲಿ ನಾಲ್ಕು ಬಂದದ್ದನ್ನು ನಾನೇ ಕೇಳಿದ್ದೇನೆ, ಹೋದ ವರ್ಷವೂ.

ಪ್ರಫುಲ್ಲಾ ನರ್ಸಮ್ಮ ಹೋದದ್ದು ಆಟಿ ಅಮಾವಾಸ್ಯೆಯ ದಿನ, ಗುರುವಾರ.