ಮೆನುರ್ ಮೊಟ್ಟೆ ಇಡ್ತಿಲ್ಲ

...ಮೊದಲು ಆ ಕತ್ತಿ ಕೆಳಗಿಡ್ರೀ! ಇಡಿ ಅಂದೆ! ತೆಂಗಿನಕಾಯಿ ಸುಲಿಯೋಕೆ ಬರದವರು ಬಾತುಕೋಳಿ ಕೊಯ್ಯೋಕೆ ಹೊರಟ್ರು! ಏನು? ಈ ಮೆನುರ್ ಇಪ್ಪತ್ತು ದಿನದಿಂದ ಒಂದೂ ಮೊಟ್ಟೆ ಇಟ್ಟಿಲ್ಲ, ಅದಕ್ಕೇ ಸಾರಿಗೆ... ಅಲ್ವಾ? ಕೈಯಾರೆ ತುತ್ತಿಟ್ಟವರು ಕೈಯಾರೆ ಕುಯ್ತೀರಾ?

ಮೊಟ್ಟೆ ಯಾಕಿಡುತ್ತೆ ಹೇಳಿ, ನೀವು ಸಾಕೋ ಚಂದಕ್ಕೆ! ಇಡೀ ಬ್ರೆಬೆಸ್ ಊರಲ್ಲಿ ಬಾತುಕೋಳಿಗೆ ಹೆಸರಿಟ್ಟು, ತೊಡೆ ಮೇಲೆ ಕೂರಿಸ್ಕೊಂಡು ಸೋಯಾಕಾಳಿನ ತೆಂಪೆ ಕರಿದು ತಿನ್ನಿಸೋ ಗಂಡಸು ಅಂದ್ರೆ ನನ್ನ ಗಂಡ ತಾರ್ಜೊನೊ ಒಬ್ರೇ. ಮೊಟ್ಟೆ ಇಡೋ ಕಾಲದಲ್ಲಿ ಕರಿದ ತೆಂಪೆ! ಬಸವನಹುಳ ಒಡೆದು ಹಾಕಿ, ಸಿಗಡಿ ತಲೆ ಹಾಕಿ, ಚಿಪ್ಪು ಕುಟ್ಟಿ ತವುಡಿಗೆ ಕಲಸಿ ಅಂತ ಬಡ್ಕೊಂಡೆ. ಕೇಳಿದ್ರಾ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು.

ಯಾಕ್ರೀ ನಗ್ತೀರಿ? ಗೂಡಲ್ಲಿ ಹುಲ್ಲು ಒದ್ದೆ. ಪಕ್ಕದಲ್ಲೇ ನಿಮ್ಮ ಬೈಕು ಬುಡುಬುಡು ಅಂತಿರುತ್ತೆ. ಹೆದರಿದ್ರೆ ಮೊಟ್ಟೆ ಹೊಟ್ಟೇಲೇ ನಿಂತೋಗುತ್ತೆ, ಗೊತ್ತಾ? ಎಲ್ಲಿಂದ ಗೊತ್ತಾಗ್ಬೇಕು! ಹೆತ್ತ ಮಗಳನ್ನೇ ಸಾಕೋಕೆ ಬರದವರು...

ಸರಿ, ಸರಿ. ಅವಳ ಮಾತು ಬೇಡ. ನಾನೇ ತೆಗೆದೆ, ತಪ್ಪಾಯ್ತು. ವಿಗತಿ ನನ್ನ ಪಾಲಿಗೂ ಸತ್ತಳು! ಆ ಮೀನುದೋಣಿಯವನ ಹಿಂದೆ ಓಡಿಹೋದ ದಿನ ನೀವು ಬಾಗಿಲು ಹಾಕಿದ್ರಿ, ನಾನು ಚಿಲಕ ಹಾಕಿದೆ. ಈ ಮನೆಯ ಒಂದಗುಳೂ ಅವಳಿಗೆ ಹೋಗಕೂಡದು ಅಂದ್ರಿ. ಹೋಗಿಲ್ಲ.

ಮೆನುರನ್ನ ಬಿಡಿ. ಇನ್ನೊಂದು ಹತ್ತು ದಿನ ನೋಡೋಣ. ಗರಿ ಉದುರೋ ಕಾಲ ಇರ್ಬೇಕು... ಎಲ್ಲಿ ಉದುರಿದೆ ಅಂತಾನಾ? ಒಳಗೊಳಗೇ ಉದುರುತ್ತೆ! ನಿಮಗೇನು ತಿಳಿಯುತ್ತೆ, ಮಣ್ಣು!

...ಏನು ನೋಡ್ತಿದೀರಿ? ನನ್ನ ಕೈನಾ? ಕೆಂಪಗಿದೆಯಾ? ಒಲೆಗೆ ಕೆಮ್ಮಣ್ಣು ಮೆತ್ತಿದೆ.

ಹೌದು... ನಮ್ಮದು ಗ್ಯಾಸ್ ಒಲೆ. ಹಾಗಂತ ಗೋಡೆ ಇಲ್ವಾ ಮನೆಗೆ? ಬಚ್ಚಲ ಗೋಡೆ ಬಿರುಕು ಬಿಟ್ಟಿತ್ತು. ನೀವಂತೂ ಮುಟ್ಟಲ್ಲ. ನಾನೇ ಇಟ್ಟಿಗೆ ಪುಡಿ, ಬೂದಿ, ಉಪ್ಪು ಕಲಸಿ...

ಉಪ್ಪಾ? ಉಪ್ಪು ಅಂದ್ನಾ ನಾನು?

ಹೂಂ. ಗೋಡೆಗೆ ಯಾರೂ ಉಪ್ಪು ಹಾಕಲ್ಲ. ಈ ಊರಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಆ ಮೂರನ್ನೂ ಕಲಸಿ ಮೆತ್ತೋದು ಯಾವುದಕ್ಕೆ ಅಂತ. ಮೊಟ್ಟೆಗೆ... ಉಪ್ಪು ಹಿಡಿಸೋಕೆ.

ಮಾತಾಡ್ರೀ. ಬೈಯಿರಿ.

ದಿನಾ ಇಡ್ತಾಳೆ ಮೆನುರ್. ಒಂದು ದಿನಾನೂ ತಪ್ಪಿಸಿಲ್ಲ ಮಹಾತಾಯಿ. ನೀವು ಬೆಳಗಿನ ನಮಾಜಿಗೆ ಹೊರಟ ಕೂಡಲೇ ಬಿಸಿ ಆರೋಕೆ ಮುಂಚೆ ತಗೊಂಡ್ಬರ್ತೀನಿ. ಉಪ್ಪು ಹಿಡಿಯೋಕೆ ಹದಿನೈದು ದಿನ. ಮೊದಲ ಮೂರು ಮೊಟ್ಟೆ ಮೊನ್ನೆ ಹೋದ್ವು. ಎಲ್ಲಿಗೆ ಅಂತ ಕೇಳಲ್ವಾ?

...ಕೇಳ್ರೀ!

ವಿಗತಿಗೆ ಮೂರು ತಿಂಗಳು. ಏನು ತಿಂದ್ರೂ ನಿಲ್ಲಲ್ವಂತೆ. “ಅಮ್ಮಾ, ನಮ್ಮನೆ ಉಪ್ಪುಮೊಟ್ಟೆ ಒಂದಿದ್ರೆ ಎರಡು ಗುಟುಕು ಗಂಜಿ ಕುಡೀತಿದ್ದೆ” ಅಂದ್ಲು ಫೋನಲ್ಲಿ. ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ ರೀ.