ಲಿಫ್ಟಿನ ತಿರುವು ದಾಟಿದ ಕರೆ

ಎಕ್ಸ್-ರೇ ಕೋಣೆಯ ಮುಂದೆ ಸರದಿ ಕಾಯುತ್ತಿದ್ದ ದರ್ಜಿಗೆ ಮುರಿದ ಕೈಯ ನೋವೇ ಮರೆತುಹೋಯಿತು. ವೈಫೈ ಹಾಕುವವನು ಏಣಿಯಿಂದ ಇಳಿದು ಹಿರಿಯ ನರ್ಸಿನ ಮುಂದೆ ಕಾಗದ ಚಾಚಿದ್ದ.

“ಕೆಲಸ ಮುಗೀತು ಸಿಸ್ಟರ್, ಒಂದು ಸಹಿ ಹಾಕಿ. ಬರೀ ಕೈಯಲ್ಲಿ ಹೋದ್ರೆ ಸಾಹೇಬ್ರು ನನ್ನ ಚರ್ಮ ಸುಲೀತಾರೆ.”

“ಲಿಫ್ಟಿನ ತಿರುವಲ್ಲಿ ಡಾಕ್ಟರ ಕಾಲ್ ಕಟ್ ಆಗ್ತಿತ್ತಲ್ಲಪ್ಪಾ?”

“ಫೋನು ಹಿಂದಿನ ವೈಫೈ ಪೆಟ್ಟಿಗೆಗೇ ಜೋತುಬೀಳ್ತಿತ್ತು. ಅದರ ಜೋರು ತಗ್ಗಿಸಿದೀನಿ. ಈಗ ಬೇಗ ಬಿಟ್ಟು ಮುಂದಿನದನ್ನ ಹಿಡ್ಕೊಳ್ಳುತ್ತೆ.”

“ನೋಡಿದ್ಯಾ?”

“ಒಂದೊಂದು ಪೆಟ್ಟಿಗೆ ಕೆಳಗೂ ಕುರ್ಚಿ ಹಾಕ್ಕೊಂಡು ಕೂತು ನೋಡಿದೆ.”

“ಕೂತು! ನಮ್ಮ ರೋಗಿಗಳು ಓಡೋ ಸ್ಟ್ರೆಚರ್ ಮೇಲಿರ್ತಾರೆ, ಪುಣ್ಯಾತ್ಮ. ಈ ಖಾಲಿ ಸ್ಟ್ರೆಚರ್ ಹತ್ತು. ವೈಫೈಯಲ್ಲೇ ಯಾರಿಗಾದ್ರೂ ಕಾಲ್ ಮಾಡು. ತಿರುವು ದಾಟೋವರೆಗೂ ಕಟ್ ಆಗ್ದಿದ್ರೆ ಸಹಿ.”

“ಯಾರಿಗೆ ಮಾಡ್ಲಿ?”

“ಬಾಯಿ ಮುಚ್ಚದೆ ಮಾತಾಡೋರಿಗೆ.”

ಅವನು ಸ್ಟ್ರೆಚರಿನ ಮೇಲೆ ಮಲಗಿ, ಹೆಂಡತಿಗೆ ಕರೆ ಮಾಡಿ ಸ್ಪೀಕರ್ ಹಾಕಿದ. ನರ್ಸು ತಳ್ಳಿದಳು.

“ರೀ, ಮನೆ ಬೀಗದ ಕೈ ಜೇಬಲ್ಲಿಟ್ಕೊಂಡು ಹೋಗಿದೀರಲ್ಲ! ಬೆಳಿಗ್ಗೆಯಿಂದ ಪಕ್ಕದ ಮನೆ ಮೆಟ್ಟಿಲ ಮೇಲೆ ಕೂತಿದೀನಿ. ಎಷ್ಟು ಸಲ ಫೋನ್ ಮಾಡ್ಲಿ?”

ಸ್ಟ್ರೆಚರು ಕಿರುಗುಟ್ಟುತ್ತಾ ತಿರುವಿನಾಚೆ ಮರೆಯಾಯಿತು. ದರ್ಜಿ ಕಿವಿ ನಿಮಿರಿಸಿದ. ಬೈಗುಳ ಒಂದಕ್ಷರವೂ ಕಡಿಯದೆ ಕೇಳುತ್ತಲೇ ಇತ್ತು.

“ಇಲ್ಲಿ ಸಿಗ್ನಲ್ ಸರಿಯಿಲ್ಲ ಕಣೇ, ಅದಕ್ಕೇ...”

“ಸರಿಯಾಗೇ ಇದೆಯಮ್ಮಾ,” ಅಂದಳು ನರ್ಸು. “ಬೇಕಾದ್ರೆ ಸಹಿ ಹಾಕಿ ಕೊಡ್ತೀನಿ.”